ಬಬಲೇಶ್ವರಕ್ಕೆ ಹಾಯ್ದು ಹೋದ ವಿಮಾನ

ತಿಕೋಟಾದವರು ಯಾರಾದರೂ ತಾವು ವಿಮಾನದಲ್ಲಿ ವಿಜಯಪುರಕ್ಕೆ ಹೋಗಿ ಬಂದೆವೆಂದು ಹೇಳಿದರೆ ಹುಬ್ಬೇರಿಸಬೇಡಿ. ಅವರು ಹೇಳುತ್ತಿರುವುದು ಮಲಂಗಸಾಬನ ಟಂಟಂ ವಿಷಯ. ಮೂರು ಗಾಲಿ, ಎದುರುಬದುರು ಎರಡು ಸೀಟು, ಬಾಗಿಲೆಂಬುದು ಇಲ್ಲ, ಬಿಸಿಲು ಮಳೆ ಬಂದರೆ ಇಳಿಬಿಡಲು ಒಂದು ತಾಡಪತ್ರಿ. ಹಿಂಬದಿಯ ತಗಡಿನ ಮೇಲೆ ಹಳದಿ ಬಣ್ಣದಲ್ಲಿ, ಕಣ್ಣು ಮಂಜಾದವರಿಗೂ ಕಾಣುವಷ್ಟು ದಪ್ಪಗೆ, ‘ವಿಮಾನ’ ಎಂದು ಬರೆದಿದೆ. ಅಕ್ಷರದ ಎರಡೂ ಕಡೆ ರೆಕ್ಕೆ ಬರೆಯಲು ಮಲಂಗಸಾಬ ಹೇಳಿದ್ದ. ಪೇಂಟರನಿಗೆ ಅವಸರವಿತ್ತೋ ಏನೋ, ಬಂದದ್ದು ಎರಡು ಬಾಳೆಎಲೆ. ಬಣ್ಣ ಒಣಗಿದ ಮೇಲೆ ಯಾರು ಏನು ಮಾಡುವುದಕ್ಕಾಗುತ್ತದೆ.

ವೇಗ ನೋಡಿ ಇಟ್ಟ ಹೆಸರಲ್ಲ ಅದು ಎಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸವಾಯಿತು ಎನ್ನಬೇಡಿ. ತಿಕೋಟಾದಿಂದ ವಿಜಯಪುರ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಬಸ್ಸಿಗೆ ಅರ್ಧ ತಾಸು ಸಾಕು. ಮಲಂಗಸಾಬನಿಗೆ ಎಷ್ಟು ಬೇಕು ಎಂಬುದು ದೇವರಿಗೇ ಗೊತ್ತು, ದೇವರೂ ಒಂದೊಂದು ದಿನ ಲೆಕ್ಕ ತಪ್ಪುತ್ತಾನೆ. ಸೀಟು ತುಂಬದೆ ಗಾಡಿ ಅಲುಗುವುದಿಲ್ಲ. ಅಲುಗಿದ ಮೇಲೆ ದಾರಿಯಲ್ಲಿ ಕೈ ಎತ್ತಿದವರಿಗೆಲ್ಲ ನಿಲ್ಲುತ್ತದೆ. ತಲೆ ತುರಿಸಿಕೊಳ್ಳಲು ಕೈ ಎತ್ತಿದವನನ್ನೂ ಅವನು ಹತ್ತಿಸಿಕೊಂಡು ಹೋದದ್ದುಂಟು. ತೋಟದ ಮನೆಯ ಬುತ್ತಿ, ಯಾರದೋ ಕನ್ನಡಕ, ಯಾರದೋ ಅತ್ತೆಗೆ ಕೊಡಬೇಕಾದ ಉಪ್ಪಿನಕಾಯಿ ಭರಣಿ, ಎಲ್ಲವೂ ಅವನ ಕಾಲ ಬುಡದಲ್ಲೇ ಪ್ರಯಾಣ ಮಾಡುತ್ತವೆ. ಒಲ್ಲೆ ಎನ್ನಲು ಅವನಿಗೆ ಬಾಯಿ ಬರುವುದಿಲ್ಲ. ಅವನ ಹೆಂಡತಿ ಮಾಬುಬಿಯನ್ನು ಕೇಳಿದರೆ ಇದನ್ನೇ ಇನ್ನೂ ಖಾರವಾಗಿ ಹೇಳುತ್ತಾಳೆ.

ಹೆಸರಿನ ಹಿಂದೆ ಬೇರೆಯೇ ಒಂದು ಕಥೆಯಿದೆ. ಮಲಂಗಸಾಬನಿಗೆ ಈಗ ಐವತ್ತು ದಾಟಿದೆ. ಮೀಸೆ ಮೂಡುವ ಕಾಲಕ್ಕೆ ಅವನು ದ್ರಾಕ್ಷಿ ಸಾಗಿಸುವ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಕ್ಲೀನರನ ನಿದ್ದೆ ಹೇಗಿರುತ್ತದೆ ಎಂದು ಕ್ಲೀನರನನ್ನೇ ಕೇಳಬೇಕು. ತಪಾಸಣೆಯ ನಾಕಾ ಬಂತು, ಏಳು. ಹಗ್ಗ ಸಡಿಲಾಯಿತು, ಏಳು. ಗಾಲಿ ಪಂಕ್ಚರ್, ಏಳು. ಇದ್ಯಾವುದೂ ಇಲ್ಲದಿದ್ದರೆ ಡ್ರೈವರನಿಗೆ ಬೇಸರ ಬಂದಿದೆ, ಎದ್ದು ಮಾತಾಡು. ಒಂದು ಮಧ್ಯಾಹ್ನ ಎಲ್ಲೋ ಸೋಲಾಪುರದ ಆಚೆ, ಪೆಟ್ಟಿಗೆಗಳ ಮೇಲಿನ ತಾಡಪತ್ರಿಯಲ್ಲಿ ಅಂಗಾತ ಬಿದ್ದುಕೊಂಡಿದ್ದಾಗ ತಲೆಯ ಮೇಲೆ ಒಂದು ವಿಮಾನ ಹೋಯಿತು. ಅದರೊಳಗೆ ಇರುವವರು ಎಂಥ ಸುಖಿಗಳಪ್ಪಾ ಎಂದುಕೊಂಡ. ಅಲ್ಲಿ ನಾಕಾ ಇಲ್ಲ, ಹಗ್ಗವಿಲ್ಲ, ಪಂಕ್ಚರಿಲ್ಲ. ಒಮ್ಮೆ ಕಣ್ಣು ಮುಚ್ಚಿದರೆ ಮುಗಿಯಿತು, ಯಾರೂ ಎಬ್ಬಿಸುವವರಿಲ್ಲ. ಅಷ್ಟು ಅಂದುಕೊಳ್ಳುವುದರೊಳಗೆ ಡ್ರೈವರ ಕೂಗಿ ಎಬ್ಬಿಸಿದ.

ಎಷ್ಟೋ ವರ್ಷಗಳ ಮೇಲೆ ಸ್ವಂತ ಟಂಟಂ ತೆಗೆದುಕೊಂಡಾಗ ಅದಕ್ಕೆ ‘ವಿಮಾನ’ ಎಂದು ಹೆಸರಿಟ್ಟ, ಹೆಸರಿನ ಜೊತೆಗೆ ಒಂದು ಕಾಯಿದೆಯನ್ನೂ ಮಾಡಿದ. ತನ್ನ ಗಾಡಿಯಲ್ಲಿ ಮಲಗಿದವರನ್ನು ಎಬ್ಬಿಸಕೂಡದು. ಸ್ಟೇಷನ್ ರಸ್ತೆ ಮುಟ್ಟಿದ ಮೇಲೂ ಯಾರಾದರೂ ಗೊರಕೆ ಹೊಡೆಯುತ್ತಿದ್ದರೆ ಗಾಡಿಯನ್ನು ನೆರಳಿಗೆ ನಿಲ್ಲಿಸಿ, ತಾಡಪತ್ರಿ ಇಳಿಬಿಟ್ಟು, ತಾನು ಹೊರಗೆ ಕುಕ್ಕರಗಾಲಿನಲ್ಲಿ ಕೂತು ಅವರೇ ಏಳುವ ತನಕ ಕಾಯುತ್ತಾನೆ. ಮನೆಯಲ್ಲಿ ಮೊಮ್ಮಕ್ಕಳ ಗದ್ದಲಕ್ಕೆ ನಿದ್ದೆ ಬಾರದ ಒಂದಿಬ್ಬರು ಮುದುಕರು ವಿಜಯಪುರದಲ್ಲಿ ಕೆಲಸವಿಲ್ಲದಿದ್ದರೂ ಮಲಗಲಿಕ್ಕೆಂದೇ ಹತ್ತುತ್ತಾರೆ. ಅವರಿಗೆ ಅವನು ಮೂಲೆಯ ಸೀಟು ಹಿಡಿದಿಡುತ್ತಾನೆ.

ಇಂಥವನ ತಂಟೆಗೆ ಬಂದವನು ಸ್ವಂತ ಅಳಿಯ, ತಂಗಿ ಮಾಸುಮಬಿಯ ಮಗ ರಿಜ್ವಾನ. ಹೈದರಾಬಾದಿನಲ್ಲಿ ಲಿಫ್ಟ್ ಜೋಡಿಸುವ ಕೆಲಸ ಅವನದು. ಇಡೀ ದಿನ ಏರಿಳಿಯುವುದರಲ್ಲೇ ಕಳೆಯುವ ಅವನನ್ನು ಯಾವುದೋ ಹೊಸ ನಮೂನೆಯ ಲಿಫ್ಟಿನ ತರಬೇತಿಗೆ ಕಂಪನಿಯವರು ದಿಲ್ಲಿಗೆ ವಿಮಾನದಲ್ಲಿ ಕಳಿಸುವುದೆಂದಾಯಿತು. ಮನೆತನದಲ್ಲಿ ವಿಮಾನ ಹತ್ತುವವನು ಅವನೇ ಮೊದಲು. ಹೋಗುವ ಮುಂಚೆ ಎಲ್ಲರಿಗೂ ಹೇಳಿ ಹೋಗುತ್ತೇನೆಂದು ತಿಕೋಟಾಕ್ಕೆ ಬಂದ. ದಿಲ್ಲಿಗೆ ಹೋಗುವವನು ಹೈದರಾಬಾದಿನಿಂದ ಹಿಂದಕ್ಕೆ ತಿಕೋಟಾಕ್ಕೆ ಏಕೆ ಬರಬೇಕು ಎಂದು ಕೇಳಬೇಡಿ. ಯಾರೂ ನೋಡದಿದ್ದರೆ ವಿಮಾನ ಹತ್ತಿ ಏನು ಬಂತು?

ಗುರುಪಾದಯ್ಯನ ಚಹಾದಂಗಡಿಯಲ್ಲಿ ಕೂತು ಅವನು ಮೊಬೈಲಿನಲ್ಲಿ ದೂರ ತೋರಿಸಿದ. ಹೈದರಾಬಾದಿನಿಂದ ದಿಲ್ಲಿಗೆ ರಸ್ತೆಯ ಮೇಲೆ ಹದಿನೈದು ನೂರು ಕಿಲೋಮೀಟರ್, ವಿಮಾನದಲ್ಲಾದರೆ ಹನ್ನೆರಡು ಹದಿಮೂರು ನೂರಷ್ಟೇ. ಮಲಂಗಸಾಬನಿಗೆ ಇದು ಅರ್ಥವಾಗಲಿಲ್ಲ. ಎರಡೂ ಊರು ಇದ್ದಲ್ಲೇ ಇರುವಾಗ ನಡುವಿನ ಅಷ್ಟು ದಾರಿಯನ್ನು ಯಾರು ಹೊತ್ತುಕೊಂಡು ಹೋದರು ಎಂದು ಕೇಳಿದ.

“ಮ್ಯಾಲ ಊರ ಇಲ್ಲಲ್ಲ ಮಾಮು,” ಎಂದ ರಿಜ್ವಾನ. “ಸುತ್ತ ಹಾಕೂ ಕೆಲಸಿಲ್ಲ. ಗೆರಿ ಎಳದಂಗ ಸೀದಾ ಹೋಗತೈತಿ.”

“ಊರ ಇಲ್ಲದ ದಾರಿ? ಹಂಗಾದ್ರ ನಡುವ ಹತ್ತವರು ಯಾರು?”

ಯಾರೂ ಇಲ್ಲ ಎಂಬ ಉತ್ತರ ಕೇಳಿ ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಲಂಗಸಾಬ ನಗಲಿಲ್ಲ. ಅವನಿಗೆ ವಿಮಾನದ ಮೇಲೆ ಕನಿಕರ ಹುಟ್ಟಿತ್ತು.

ಆಮೇಲೆ ಮಾತು ಹೊತ್ತಿನ ಕಡೆ ತಿರುಗಿತು. ಟಿಕೀಟಿನ ಮೇಲೆ ಎರಡು ತಾಸು ಇಪ್ಪತ್ತು ಮಿನಿಟು ಎಂದಿತ್ತು. ನಿಜವಾಗಿ ಗಾಳಿಯಲ್ಲಿರುವುದು ಎರಡು ತಾಸಿಗೂ ಕಡಿಮೆ, ಉಳಿದದ್ದು ನೆಲದ ಮೇಲೆ ಓಡುವುದು, ಸರದಿಗೆ ನಿಲ್ಲುವುದು ಎಂದು ರಿಜ್ವಾನ ವಿವರಿಸಿದ. ಓ, ಹಾಗಾದರೆ ಅದೂ ನಿಂತು ಕಾಯುತ್ತದಲ್ಲ ಎಂದು ಮಲಂಗಸಾಬ ಬಹಳ ಸಮಾಧಾನದಿಂದ ಹೇಳಿದ. ಅದೇ ತಪ್ಪಾಯಿತು. ವಿಮಾನವನ್ನು ಟಂಟಂ ಸಾಲಿಗೆ ತಂದು ನಿಲ್ಲಿಸಿದ್ದು ರಿಜ್ವಾನನಿಗೆ ನಾಟಿತು. ಕಾಯಲಿ ಬಿಡಲಿ, ತಾನು ಹೈದರಾಬಾದ್ ಬಿಟ್ಟು ದಿಲ್ಲಿ ಮುಟ್ಟುವುದರೊಳಗೆ ಮಾಮಾನ ಗಾಡಿ ತಿಕೋಟಾ ಬಿಟ್ಟು ಸ್ಟೇಷನ್ ರಸ್ತೆ ಮುಟ್ಟುವುದಿಲ್ಲ ಎಂದ. ಮುಟ್ಟದಿದ್ದರೆ ಹಿಂದಿನ ಹೆಸರು ಅಳಿಸಿಹಾಕಬೇಕು, ಒಂದು ಮನೆತನಕ್ಕೆ ಎರಡು ವಿಮಾನ ಬೇಕಾಗಿಲ್ಲ ಎಂದೂ ಸೇರಿಸಿದ.

ಮಲಂಗಸಾಬನ ಮುಖ ಸಣ್ಣದಾಯಿತು. ಬೇರೆ ಏನು ಹೇಳಿದ್ದರೂ ಅವನು ನಕ್ಕು ಬಿಡುತ್ತಿದ್ದ. ಆ ಹೆಸರು ಅವನಿಗೆ ಮನೆಯ ಹೆಸರಿಗಿಂತ ಹೆಚ್ಚು; ಊರೆಲ್ಲ ಅವನನ್ನು ವಿಮಾನದ ಮಲಂಗಸಾಬ ಎಂದೇ ಕರೆಯುತ್ತಿತ್ತು. ಆದರೆ ಒಲ್ಲೆ ಎನ್ನಲು ಬಾರದವನು ಇದಕ್ಕಾದರೂ ಹೇಗೆ ಒಲ್ಲೆ ಎಂದಾನು? ಆಗಲಿ ಎಂದ.

ಪಂಚನಾಗಿ ಗುರುಪಾದಯ್ಯ ನೇಮಕವಾದ. ಅವನ ಕೈಯಲ್ಲಿ ಮಾವ ಕೊಟ್ಟ ಗಡಿಯಾರವಿತ್ತು, ಹಾಗಾಗಿ ಊರಿನ ಎಲ್ಲ ತಕರಾರಿಗೂ ಅವನೇ ಪಂಚ. ಗಡಿಯಾರ ನೋಡಿಕೊಂಡು ಅವನು ನಿಯಮ ಹಾಕಿದ. ವಿಮಾನದ ಬಾಗಿಲು ಮುಚ್ಚಿದಾಗ ಪಂದ್ಯ ಶುರು, ದಿಲ್ಲಿಯಲ್ಲಿ ಬಾಗಿಲು ತೆರೆದಾಗ ಅದರ ಪ್ರಯಾಣ ಮುಗಿಯಿತು. ಟಂಟಂಗೆ ಬಾಗಿಲಿಲ್ಲವಾದ್ದರಿಂದ ಅದು ಸೀಟು ತುಂಬಿಸಿಕೊಂಡೇ ಹೊರಡಬೇಕು, ಸ್ಟೇಷನ್ ರಸ್ತೆಯಲ್ಲಿ ಕಟ್ಟಕಡೆಯ ಪ್ರಯಾಣಿಕ ನೆಲಕ್ಕೆ ಕಾಲಿಟ್ಟಾಗ ಅದರದ್ದು ಮುಗಿಯಿತು. ಪಂಚನಾದವನು ಕಣ್ಣಾರೆ ನೋಡಬೇಕಾದ್ದರಿಂದ ತಾನೂ ಒಂದು ಸೀಟು ಹಿಡಿದು ಬರುವುದಾಗಿ ತೀರ್ಮಾನ ಕೊಟ್ಟ.

ಎರಡು ತಾಸಿನ ಮೇಲೆ ಹೊತ್ತಿದೆ, ಹೋಗಬೇಕಾದದ್ದು ಇಪ್ಪತ್ತೇ ಕಿಲೋಮೀಟರ್. ಗೊತ್ತಿಲ್ಲದವರು ಇದೊಂದು ಪಂದ್ಯವೇ ಎಂದು ನಗಬಹುದು. ತಿಕೋಟಾದವರಿಗೆ ಗೊತ್ತಿತ್ತು. ಅರ್ಧ ಊರು ಮಲಂಗಸಾಬ ಸೋಲುತ್ತಾನೆಂದೇ ಹೇಳಿತು, ಹೇಳಿದವರೆಲ್ಲ ಅವನ ಗಾಡಿಯಲ್ಲೇ ದಿನಾ ಓಡಾಡುವವರು. ಮಾಬುಬಿಯೂ ಅದೇ ಪಕ್ಷ. ಆದರೆ ಗಂಡ ಅಳಿಯನ ಮುಂದೆ ಸೋಲುವುದನ್ನು ನೋಡಲಾರದೆ, ಆ ದಿನ ತಾನು ಮುಂದಿನ ಸೀಟಿನಲ್ಲಿ ಪಕ್ಕಕ್ಕೆ ಕೂರುವೆ, ಯಾರಿಗೂ ಗಾಡಿ ನಿಲ್ಲಿಸಲು ಬಿಡುವುದಿಲ್ಲ ಎಂದು ಹಠ ಹಿಡಿದಳು.

ಆ ದಿನ ಬೆಳಿಗ್ಗೆ ಸೀಟು ತುಂಬುವುದಕ್ಕೆ ಕಾಯಲೇ ಬೇಕಾಗಲಿಲ್ಲ. ನೋಡಲಿಕ್ಕೆಂದೇ ಜನ ನೂಕಾಡಿ ಹತ್ತಿದರು. ಅವರಲ್ಲಿ ನಿಜವಾಗಿ ಕೆಲಸವಿದ್ದವನು ಕರೆಪ್ಪ ಒಬ್ಬನೇ; ವಿಜಯಪುರದ ದಲಾಲನಿಗೆ ತೋರಿಸಲು ತನ್ನ ಒಣದ್ರಾಕ್ಷಿಯ ಮಾದರಿಯನ್ನು ಒಂದು ಕೈಚೀಲದಲ್ಲಿ ತುಂಬಿಕೊಂಡು ಬಂದಿದ್ದ. ಗುರುಪಾದಯ್ಯ ಮೂಲೆಯ ಸೀಟಿನಲ್ಲಿ ಕೂತು ಮಣಿಕಟ್ಟನ್ನು ಎದೆಯ ಮುಂದೆ ಹಿಡಿದುಕೊಂಡ. ಹೈದರಾಬಾದಿನಿಂದ ಫೋನು ಬಂತು: “ಬಾಗಲಾ ಹಾಕಿದರು ಮಾಮು. ಫೋನ ಬಂದ ಮಾಡಾಕತ್ತೇನಿ.” ಗುರುಪಾದಯ್ಯ ಕೈ ಎತ್ತಿದ, ಮಲಂಗಸಾಬ ಗಾಡಿ ಬಿಟ್ಟ.

ಊರ ಹೊರಗಿನ ಕ್ರಾಸಿನ ತನಕ ಎಲ್ಲ ಸುಸೂತ್ರವಾಗಿ ನಡೆಯಿತು. ಇಬ್ಬರು ಕೈ ಎತ್ತಿದರು, ಮಾಬುಬಿ ಗಂಡನ ಮೊಣಕೈ ಹಿಡಿದುಕೊಂಡಳು, ಗಾಡಿ ನಿಲ್ಲಲಿಲ್ಲ. ಹಿಂದೆ ಕೂತವರು ಕರೆಪ್ಪನ ಚೀಲಕ್ಕೆ ಕೈ ಹಾಕಿ ದ್ರಾಕ್ಷಿ ಮೆಲ್ಲುತ್ತ ಭಲೆ ಎಂದರು. ಕ್ರಾಸಿನಲ್ಲಿ ಘೋಣಸಗಿಯ ಮುದುಕಿ ಸಾವಂತ್ರವ್ವ ನಿಂತಿದ್ದಳು. ಒಬ್ಬಳೇ ಇದ್ದಿದ್ದರೆ ದಾಟಿಹೋಗಬಹುದಿತ್ತೋ ಏನೋ. ಅವಳ ಪಕ್ಕದಲ್ಲಿ ಮರದ ತೊಟ್ಟಿಲಿತ್ತು.

ಅವಳು ಕೈ ಎತ್ತಿದಳು, ಮಲಂಗಸಾಬ ದಾಟಿದ. ಯಾರೂ ಭಲೆ ಎನ್ನಲಿಲ್ಲ. ಕನ್ನಡಿಯಲ್ಲಿ ಮುದುಕಿಯೂ ತೊಟ್ಟಿಲೂ ಸಣ್ಣದಾಗುತ್ತ ಹೋದವು. ಮಾಬುಬಿ ಮೊಣಕೈ ಬಿಟ್ಟು ಎದುರಿನ ರಸ್ತೆ ನೋಡುತ್ತ ಕೂತಳು. ಗಾಡಿಯ ವೇಗ ತಾನಾಗಿ ಇಳಿಯತೊಡಗಿತು.

“ನಿಲ್ಲಸಬ್ಯಾಡ ಅಂದಿ,” ಎಂದ ಮಲಂಗಸಾಬ ಮೆಲ್ಲಗೆ. “ಕೇಳಬ್ಯಾಡ ಅಂದಿಲ್ಲಲ್ಲ. ಎಲ್ಲಿಗೆ ಅಂತ ಕೇಳೇ ಬರೂಣು.”

ಗಾಡಿ ತಿರುಗಿತು. ಸಾವಂತ್ರವ್ವ ಹೋಗಬೇಕಾದದ್ದು ಬಬಲೇಶ್ವರಕ್ಕೆ. ಅಲ್ಲಿ ಅವಳ ಮೊಮ್ಮಗಳ ಕೂಸನ್ನು ಮಧ್ಯಾಹ್ನ ತೊಟ್ಟಿಲಿಗೆ ಹಾಕುವ ಕಾರ್ಯ. ಅವರ ಮನೆತನದಲ್ಲಿ ಹುಟ್ಟಿದ ಪ್ರತಿ ಕೂಸನ್ನೂ ಮೊದಲು ಈ ಹಳೆಯ ತೊಟ್ಟಿಲಿಗೇ ಹಾಕಿ ಹೆಸರಿಡುವ ಪದ್ಧತಿ. ಸಾವಂತ್ರವ್ವನೂ ಅದರಲ್ಲೇ ತೂಗಿಸಿಕೊಂಡವಳು. ಕ್ರಾಸಿನ ತನಕ ಯಾರೋ ಟ್ರ್ಯಾಕ್ಟರಿನಲ್ಲಿ ಬಿಟ್ಟು ಹೋಗಿದ್ದರು, ಬಂದ ಬಸ್ಸಿನಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಪಂದ್ಯದ ವಿಷಯ ಅವಳಿಗೂ ಗೊತ್ತಿತ್ತು. ನೀ ಹೋಗು ಯಪ್ಪಾ, ನಿನ್ನ ಗಾಡಿ ಎಂದು ತಿಳಿಯದೆ ಕೈ ಮಾಡಿದೆ ಎಂದಳು. ಹಾಗೆ ಹೇಳಬಾರದಿತ್ತು. ಹತ್ತಿಸು ಎಂದು ಜಗಳಾಡಿದ್ದರೆ ಅವನು ವಾದ ಮಾಡುತ್ತಿದ್ದನೇನೋ, ಹೋಗು ಎಂದ ಮೇಲೆ ಹೋಗುವುದು ಹೇಗೆ?

ಗುರುಪಾದಯ್ಯ ನಿಯಮ ನೆನಪಿಸಿಕೊಂಡ. ಗಾಡಿ ಎಲ್ಲಿಂದ ಎಲ್ಲಿಗೆ ಎಂದು ಹೇಳಿದ್ದೆವೇ ಹೊರತು ಯಾವ ದಾರಿಯಿಂದ ಎಂದು ಹೇಳಿಲ್ಲ, ಖಾಲಿ ತೊಟ್ಟಿಲಿಗೆ ಸೀಟಿನ ಲೆಕ್ಕವೂ ಇಲ್ಲ ಎಂದು ತೀರ್ಪಿತ್ತ. ತೊಟ್ಟಿಲನ್ನು ಕರೆಪ್ಪನ ರುಮಾಲಿನಿಂದ ಗಾಡಿಯ ತಲೆಗೆ ಕಟ್ಟಿದರು. ದಾರಿಯುದ್ದಕ್ಕೂ ನೋಡಿದವರೆಲ್ಲ ನಿಲ್ಲಿಸಿ, ಕೂಸು ಯಾರದು, ಗಂಡೋ ಹೆಣ್ಣೋ ಎಂದು ವಿಚಾರಿಸಿದರು. ಕೇಳಿದವರಿಗೆ ಉತ್ತರ ಕೊಡದೆ ಹೋಗುವುದು ಸರಿಯಲ್ಲ ಎಂದು ಮಲಂಗಸಾಬ ಒಬ್ಬೊಬ್ಬರಿಗೂ ಉತ್ತರ ಕೊಟ್ಟ. ಅತ್ತ ವಿಮಾನ ಗೆರೆ ಎಳೆದಂತೆ ದಿಲ್ಲಿಯ ಕಡೆ ಹೋಗುತ್ತಿತ್ತು. ಇತ್ತ ಇಪ್ಪತ್ತು ಕಿಲೋಮೀಟರಿನ ದಾರಿ ಬೆಳೆದು ಎರಡು ಪಟ್ಟಿಗಿಂತ ಹೆಚ್ಚಾಗಿತ್ತು.

ಬಬಲೇಶ್ವರದಲ್ಲಿ ತೊಟ್ಟಿಲು ಇಳಿಸಿ ಹಾಗೇ ತಿರುಗುವುದೆಂದು ಎಲ್ಲರೂ ಪಣ ತೊಟ್ಟಿದ್ದರು. ಮನೆಯವರು ಬಿಡಬೇಕಲ್ಲ. ತೊಟ್ಟಿಲು ಬಾರದೆ ಕಣ್ಣೀರು ಹಾಕುತ್ತಿದ್ದ ಬಾಣಂತಿ ಈಗ ನಗತೊಡಗಿದಳು, ಹೆಂಗಸರು ಹಾಡಿಗೆ ಗಂಟಲು ಸರಿಮಾಡಿಕೊಂಡರು. ತೊಟ್ಟಿಲು ತಂದವರು ಬರಿಹೊಟ್ಟೆಯಲ್ಲಿ ಹೋದರೆ ಕೂಸಿಗೆ ಹಾಲು ದಕ್ಕುತ್ತದೆಯೇ ಎಂದು ಸಾವಂತ್ರವ್ವನ ಮಗಳು ಬಾಗಿಲಿಗೆ ಅಡ್ಡ ನಿಂತಳು. ಹೋಳಿಗೆ ಬಂತು, ತುಪ್ಪ ಬಂತು, ಕಟ್ಟಿನ ಸಾರು ಬಂತು. ಗುರುಪಾದಯ್ಯನಂತೂ ಜಂಗಮ, ಅಯ್ಯಾರು ಎಂಬ ಮರ್ಯಾದೆಗೆ ಮಣೆಯ ಮೇಲೆ ಕೂತು, ಬೇಡ ಎಂದಾಗಲೊಮ್ಮೆ ಒಂದು, ಸಾಕು ಎಂದಾಗಲೊಮ್ಮೆ ಒಂದು ಹೋಳಿಗೆ ಹಾಕಿಸಿಕೊಂಡ. ಅವನು ಬೇಡ ಮತ್ತು ಸಾಕು ಎರಡನ್ನೂ ಬಹಳ ಸಲ ಹೇಳಿದ. ಮಾಬುಬಿ ಒಂದು ಕಣ್ಣನ್ನು ಅವನ ಗಡಿಯಾರದ ಮೇಲಿಟ್ಟು ತಾನೂ ಎರಡು ಹಾಕಿಸಿಕೊಂಡಳು. ಕೂಸಿನ ಕಿವಿಯಲ್ಲಿ ಹೆಸರು ಹೇಳಿ, ಮೊದಲ ತೂಗು ತೊಟ್ಟಿಲು ತಂದ ಮಲಂಗಸಾಬನದೇ ಎಂದು ಹಗ್ಗವನ್ನು ಅವನ ಕೈಗೆ ಕೊಟ್ಟರು. ತೂಗಿದ. ಅಳುತ್ತಿದ್ದ ಕೂಸು ಸುಮ್ಮನಾಗಿ ಕಣ್ಣು ಮುಚ್ಚಿತು. ಅವನು ಹಗ್ಗ ಹಿಡಿದು ನಿಂತೇ ಬಿಟ್ಟ. ತೂಗುವುದು ನಿಲ್ಲಿಸಿದರೆ ಎದ್ದೀತು ಎಂದು ಅವನ ಚಿಂತೆ. ಕೊನೆಗೆ ಮಾಬುಬಿ ಹಗ್ಗವನ್ನು ಇನ್ನೊಬ್ಬಳ ಕೈಗೆ ದಾಟಿಸಿ ಗಂಡನನ್ನು ಎಳೆದುಕೊಂಡು ಬಂದಳು.

ಅಲ್ಲಿಂದ ಹೊರಟ ಟಂಟಂ ತನ್ನ ಜನ್ಮದಲ್ಲಿ ಓಡದ ಹಾಗೆ ಓಡಿತು. ಯಾರಿಗೂ ನಿಲ್ಲಲಿಲ್ಲ, ಏಕೆಂದರೆ ಆ ಉರಿಬಿಸಿಲಿನಲ್ಲಿ ರಸ್ತೆಯ ಮೇಲೆ ಯಾರೂ ಇರಲಿಲ್ಲ. ದೂರದಲ್ಲಿ ಗೋಳಗುಮ್ಮಟದ ತಲೆ ಕಾಣುವ ಹೊತ್ತಿಗೆ ಫೋನು ಬಂತು. ಮಾಬುಬಿ ಎತ್ತಿದಳು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ವಿಮಾನ ದಿಲ್ಲಿಯಲ್ಲಿ ಇಳಿದಿತ್ತು. ಸೋತೆವು ಎಂದು ಹಿಂದೆ ಕೂತವರು ಹಣೆ ಬಡಿದುಕೊಂಡರು. ಆದರೆ ರಿಜ್ವಾನ ಸುಳ್ಳು ಹೇಳುವ ಹುಡುಗನಲ್ಲ. ಇಳಿದಿದೆ ನಿಜ, ನಿಲ್ಲಲು ಜಾಗ ಖಾಲಿಯಿಲ್ಲವೆಂದು ನಡುವೆಯೇ ನಿಲ್ಲಿಸಿದ್ದಾರೆ, ಬಾಗಿಲು ಇನ್ನೂ ತೆರೆದಿಲ್ಲ ಎಂದ. ಅವನ ದನಿಯಲ್ಲಿ ನಾಚಿಕೆಯಿತ್ತು.

“ಸ್ಟ್ಯಾಂಡಿನ್ಯಾಗ ಜಾಗಾ ಇಲ್ಲೇನು?” ಮಲಂಗಸಾಬನಿಗೆ ಆ ಗಡಿಬಿಡಿಯಲ್ಲೂ ಮರುಕ ಬಂತು. “ಪಾಪ, ಎಲ್ಲಾ ಕಡೆ ಅದ ಹಾಡು.”

ಫೋನು ಹಾಗೇ ಚಾಲೂ ಇತ್ತು. ದಿಲ್ಲಿಯ ವಿಮಾನ ನಿಂತಲ್ಲೇ ನಿಂತಿತ್ತು, ತಿಕೋಟಾದ ವಿಮಾನ ಸಂದಿಗೊಂದಿಯಲ್ಲಿ ನುಗ್ಗಿ, ಒಂದು ಕಬ್ಬಿನಹಾಲಿನ ಗಾಡಿಯನ್ನೂ ಎರಡು ಎಮ್ಮೆಗಳನ್ನೂ ತಪ್ಪಿಸಿ ಸ್ಟೇಷನ್ ರಸ್ತೆಗೆ ಬಂತು. ದಿಲ್ಲಿಯಲ್ಲಿ ಮತ್ತೆ ಗಾಲಿ ಉರುಳತೊಡಗಿದೆ ಎಂದು ರಿಜ್ವಾನ ಹೇಳುವುದಕ್ಕೂ ಮಲಂಗಸಾಬ ಬ್ರೇಕು ಒತ್ತುವುದಕ್ಕೂ ಸರಿಹೋಯಿತು. ಜನ ಧುಮುಕಿದರು. ಕರೆಪ್ಪ ತಳ ಕಾಣುತ್ತಿದ್ದ ದ್ರಾಕ್ಷಿ ಚೀಲ ಹಿಡಿದು ಇಳಿದ. ಮಾಬುಬಿ ಇಳಿದಳು. ಗೆದ್ದೆವು ಎಂದು ಯಾರೋ ಅನ್ನುವಷ್ಟರಲ್ಲಿ ಕರೆಪ್ಪ ತಿರುಗಿ ನೋಡಿದ.

ಮೂಲೆಯ ಸೀಟಿನಲ್ಲಿ ಗುರುಪಾದಯ್ಯ ಮಲಗಿದ್ದ. ಬಾಯಿ ತೆರೆದಿತ್ತು, ಹೋಳಿಗೆ ತುಂಬಿದ ಹೊಟ್ಟೆ ನಿಧಾನವಾಗಿ ಏರಿಳಿಯುತ್ತಿತ್ತು. ಗಡಿಯಾರ ಕಟ್ಟಿದ ಕೈ ಇನ್ನೂ ಎದೆಯ ಮೇಲೇ ಇತ್ತು. ಕಟ್ಟಕಡೆಯ ಪ್ರಯಾಣಿಕ ನೆಲಕ್ಕೆ ಕಾಲಿಡಬೇಕು ಎಂಬ ನಿಯಮ ಮಾಡಿದವನೇ ಕಟ್ಟಕಡೆಯ ಪ್ರಯಾಣಿಕನಾಗಿದ್ದ.

ಮಾಬುಬಿ ಎಬ್ಬಿಸಲು ಕೈ ಚಾಚಿದಳು. ಮಲಂಗಸಾಬ ಆ ಕೈಯನ್ನು ಹಿಡಿದುಕೊಂಡ. ಎಬ್ಬಿಸಲಿಕ್ಕೇನು, ಒಂದು ಸಲ ಭುಜ ಅಲುಗಿಸಿದರೆ ಸಾಕಿತ್ತು, ಒಂದು ಹಾರ್ನ್ ಹೊಡೆದರೂ ಸಾಕಿತ್ತು. ಸುತ್ತ ನಿಂತವರ ಕಣ್ಣೆಲ್ಲ ಅವನ ಮೇಲೆ. ಅವನಿಗೂ ಆಸೆಯಾಯಿತು, ಆಗಲಿಲ್ಲ ಎಂದರೆ ಸುಳ್ಳು ಹೇಳಿದಂತೆ. ಹಿಂಬದಿಯ ಹಳದಿ ಅಕ್ಷರ ಕಣ್ಣ ಮುಂದೆ ಬಂತು. ಆದರೆ ಅಯ್ಯಾರ ಮುಖ ನೋಡಿದ. ಬೆಳಗಿನ ಜಾವಕ್ಕೆದ್ದು ಒಲೆ ಹೊತ್ತಿಸುವ ಮನುಷ್ಯ, ಎಂದೂ ಹಗಲು ಕಣ್ಣು ಮುಚ್ಚಿದವನಲ್ಲ. ಎಬ್ಬಿಸಿ ಹೆಸರು ಉಳಿಸಿಕೊಂಡರೆ ಆ ಹೆಸರಿಗೆ ಅರ್ಥವೇನು ಎಂದು ಅವನಿಗೆ ಅನ್ನಿಸಿತು.

ಮಾಬುಬಿಯ ಕೈಯಲ್ಲಿದ್ದ ಫೋನು ಗಲಗಲ ಎಂದಿತು. “ಬಾಗಲಾ ತಗದರು ಮಾಮು. ನೀವು ಎಲ್ಲಿ ಅದೀರಿ? ಮುಟ್ಟಿದಿರೇನು?”

ಮಲಂಗಸಾಬ ಫೋನು ತೆಗೆದುಕೊಂಡು ಬಾಯಿಗೆ ಕೈ ಅಡ್ಡ ಹಿಡಿದ.

“ಮೆಲ್ಲಗ ಮಾತಾಡು. ಅಯ್ಯಾರು ಮಲಗ್ಯಾರ.”

ಗುರುಪಾದಯ್ಯ ಎದ್ದಾಗ ಬಿಸಿಲು ಇಳಿದಿತ್ತು. ಎದ್ದವನೇ ಗಡಿಯಾರ ನೋಡಿ, ಇದೇನು ಇಷ್ಟು ತಡ ಮಾಡಿದಿರಿ, ಸೋತಿರಿ ಎಂದು ತೀರ್ಪು ಕೊಟ್ಟ. ನಡೆದದ್ದನ್ನು ಕರೆಪ್ಪ ಹೇಳಿದಾಗ ನಾಚಿಕೆಯಿಂದ ಕುಗ್ಗಿ, ತೀರ್ಪು ವಾಪಸು ತೆಗೆದುಕೊಳ್ಳುವುದಕ್ಕೆ ನಿಯಮದಲ್ಲಿ ದಾರಿ ಹುಡುಕತೊಡಗಿದ. ಮಲಂಗಸಾಬ ಕೇಳಲಿಲ್ಲ. ಅಳಿಯ ಫೋನಿನಲ್ಲಿ, ಹೋಗಲಿ ಬಿಡ್ರಿ ಮಾಮು, ಚಾಷ್ಟಿಗೆ, ನಗಾಕ ಅಂದದ್ದು ಎಂದರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಸೀಮೆಎಣ್ಣೆಯ ಬಟ್ಟೆ ಹಿಡಿದು ತಿಕ್ಕಿ ತಿಕ್ಕಿ ಅಕ್ಷರ ಅಳಿಸಿದ. ಬಾಳೆಎಲೆಗಳು ಮಾತ್ರ ಉಳಿದವು, ಅವುಗಳ ಬಗ್ಗೆ ಪಂದ್ಯದಲ್ಲಿ ಮಾತಾಗಿರಲಿಲ್ಲ. ಅಂದಿನಿಂದ ಜನ ಹಿಂದೆ ಒಮ್ಮೆ ನೋಡಿ ಆಮೇಲೆ ಹತ್ತುತ್ತಿದ್ದರು. ಅವನೂ ಗಾಡಿ ತೊಳೆಯುವಾಗ ಹಿಂಬದಿಯನ್ನು ಬೇಗ ಬೇಗ ತೊಳೆದು ಮುಗಿಸುತ್ತಿದ್ದ. ಮಾಬುಬಿ ಅಯ್ಯಾರ ಅಂಗಡಿಯ ಚಹಾ ಕುಡಿಯುವುದನ್ನೇ ಬಿಟ್ಟಳು.

ತರಬೇತಿ ಮುಗಿಸಿದ ರಿಜ್ವಾನ ದಿಲ್ಲಿಯಿಂದ ಹೈದರಾಬಾದಿಗೆ ವಿಮಾನದಲ್ಲಿ, ಅಲ್ಲಿಂದ ಬಸ್ಸಿನಲ್ಲಿ ವಿಜಯಪುರಕ್ಕೆ ಬಂದಿಳಿದ. ಕಣ್ಣು ಕೆಂಪಗಾಗಿತ್ತು. ಸ್ಟೇಷನ್ ರಸ್ತೆಯಲ್ಲಿ ಮಾಮಾನ ಟಂಟಂ ಸೀಟು ತುಂಬಲೆಂದು ನಿಂತಿತ್ತು. ಅವನು ಹಿಂಬದಿಯ ಬೋಳು ತಗಡು ನೋಡಿದ, ಕೈಯಿಂದ ಒಮ್ಮೆ ಸವರಿದ. ಮಲಂಗಸಾಬ ಅವನ ಚೀಲ ಇಸಿದುಕೊಂಡು ಮೂಲೆಯ ಸೀಟು ತೋರಿಸಿದ. ಗಾಡಿ ಹೊರಡುವುದಕ್ಕೆ ಮೊದಲೇ ರಿಜ್ವಾನನಿಗೆ ನಿದ್ದೆ ಹತ್ತಿತ್ತು.

ಎಚ್ಚರವಾದಾಗ ಸುತ್ತ ತಂಪಾಗಿತ್ತು, ತಾಡಪತ್ರಿ ಇಳಿಬಿಟ್ಟಿತ್ತು. ಅದನ್ನು ಸರಿಸಿ ನೋಡಿದರೆ ತಿಕೋಟಾ. ಗಾಡಿ ಬೇವಿನ ಮರದ ಕೆಳಗಿತ್ತು, ಮಾಮಾ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಟಾವೆಲ್ಲಿನ ತುದಿಯಿಂದ ನೊಣ ಅಟ್ಟುತ್ತಿದ್ದ. ನೆರಳು ಆಚೆಗೆ ಹೊರಳಿತ್ತು. ಅಂದಿನ ಸವಾರಿಗಳೆಲ್ಲ ಬೇರೆಯವರ ಗಾಡಿಗಳಿಗೆ ಹೋಗಿದ್ದವು.

“ಬಂದು ಎಷ್ಟೊತ್ತಾತು ಮಾಮು?”

“ನಾವು ಬಂದು ಬಾಳ ಹೊತ್ತಾತು,” ಎಂದ ಮಲಂಗಸಾಬ. “ನೀ ಈಗ ಬಂದಿ.”

ರಿಜ್ವಾನ ಕಣ್ಣುಜ್ಜಿಕೊಂಡು ಕೆಳಗಿಳಿದ. ಆಮೇಲೆ ತಲೆ ತಗ್ಗಿಸಿ ಹೇಳಿದ: “ದಿಲ್ಲಿಯಿಂದ ಬರೂ ವಿಮಾನದಾಗ ನನ್ನ ನಾಕ ಸಲ ಎಬ್ಬಿಸಿದರು ಮಾಮು. ಪಟ್ಟಾ ಕಟಕೋ ಅಂತ, ನೀರ ಬೇಕೇನು ಅಂತ, ಕುರ್ಚಿ ನೆಟ್ಟಗ ಮಾಡು ಅಂತ. ಕಡೀಕ ಇಳಿ ಅಂತ.”

ಮಲಂಗಸಾಬನ ಕೈಯಲ್ಲಿದ್ದ ಟಾವೆಲ್ ನಿಂತಿತು. ಪೆಟ್ಟಿಗೆಗಳ ಮೇಲೆ ಅಂಗಾತ ಬಿದ್ದುಕೊಂಡು ಆಕಾಶ ನೋಡಿದ ಆ ಮಧ್ಯಾಹ್ನದಿಂದ ಈ ತನಕ ಅವನು ನಂಬಿಕೊಂಡು ಬಂದದ್ದು, ಅಲ್ಲಿ ಯಾರೂ ಎಬ್ಬಿಸುವುದಿಲ್ಲ ಎಂಬುದೊಂದನ್ನೇ.

“ಮಲಗಿದವರನ್ನ?” ಎಂದು ಕೇಳಿದ. “ವಿಮಾನದಾಗ?”

ಹೌದು ಎಂದು ರಿಜ್ವಾನ ತಲೆಯಾಡಿಸಿದ. ಚೀಲವನ್ನು ಅಲ್ಲೇ ಬಿಟ್ಟು, ಮನೆಗೂ ಹೋಗದೆ, ಊರೊಳಗೆ ಹೋಗಿ ಪೇಂಟರನನ್ನು ಹಳದಿ ಬಣ್ಣದ ಡಬ್ಬಿಯ ಸಮೇತ ಕರೆದುಕೊಂಡು ಬಂದ. ಸುದ್ದಿ ಕೇಳಿ ಗುರುಪಾದಯ್ಯ ಅಂಗಡಿ ಬಿಟ್ಟು ಓಡಿ ಬಂದ, ಮಾಬುಬಿಯೂ ಬಂದಳು. ದಪ್ಪಗೆ ಬರಿ, ಮೊದಲಿಗಿಂತ ದಪ್ಪಗೆ ಎಂದು ರಿಜ್ವಾನ ಹೇಳಿದ. ಪೇಂಟರ ತಗಡು ಕೆರೆದು ಸಾಫು ಮಾಡಲು ಉಜ್ಜುಕಾಗದ ತೆಗೆದ.

ಮಲಂಗಸಾಬ ಅವನ ಕೈ ಹಿಡಿದ. ರಿಜ್ವಾನ ಅತ್ತ ಹೋಗಿ ಬರುವುದರೊಳಗೆ ಕರೆಪ್ಪ ವಿಜಯಪುರಕ್ಕೆಂದು ಬಂದು ಹತ್ತಿ, ಮೂಲೆಯ ಸೀಟಿನಲ್ಲಿ ದ್ರಾಕ್ಷಿ ಚೀಲವನ್ನು ತಲೆದಿಂಬು ಮಾಡಿಕೊಂಡು ಮಲಗಿಬಿಟ್ಟಿದ್ದ. ಅಳಿಯ ಮಾಮಾನ ಮುಖ ನೋಡಿದ, ಪೇಂಟರನಿಗೆ ಕೂರು ಎಂದು ಸನ್ನೆ ಮಾಡಿದ. ಗುರುಪಾದಯ್ಯ ತಾನೇ ಹೋಗಿ ಎಲ್ಲರಿಗೂ ಚಹಾ ತಂದ, ಮಾಬುಬಿಯೂ ಕುಡಿದಳು. ಪೇಂಟರ ಸಂಜೆಯ ತನಕ ಡಬ್ಬಿಯ ಮುಚ್ಚಳ ತೆಗೆಯದೆ ಬೇವಿನ ನೆರಳಿನಲ್ಲಿ ಕೂತಿದ್ದ.